ದನ ಮೇಯ್ದ ಹೊಲದಲ್ಲಿ ಮುಸುಕಿನ ಜೋಳ: ಪೈರು ಸರಿಯಾಗಿ ಕೂರದಿದ್ದರೆ ದೋಷ ಹುಡುಕುವ ಬಗೆ

ರಾಗಿ ಕೊಯ್ದ ಹೊಲಕ್ಕೆ ದನ ಬಿಡುವುದು, ಮುಸುಕಿನ ಜೋಳ (ಮುಂದೆ ಬರೀ ಜೋಳ ಎಂದರೂ ಇದೇ) ಮುರಿದ ಮೇಲೆ ಸಪ್ಪೆ ಮೇಯಲು ಕುರಿ ಮಂದೆ ನಿಲ್ಲಿಸುವುದು ಹಾಸನ, ಚಿಕ್ಕಮಗಳೂರು ಸೀಮೆಗೆ ಹಳೆಯ ಪದ್ಧತಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮೇಯ್ದ ಹೊಲ ಭರಣಿ, ಕೃತ್ತಿಕೆ ಮಳೆಗೆ ಹದಕ್ಕೆ ಬರುತ್ತದೆ. ರೋಹಿಣಿಯಲ್ಲೋ ಮೃಗಶಿರದಲ್ಲೋ ಜೋಳದ ಬಿತ್ತನೆ. ತೊಂದರೆ ಕಣ್ಣಿಗೆ ಬೀಳುವುದು ಬಿತ್ತಿದ ಎಂಟು ಹತ್ತು ದಿನದ ಮೇಲೆ. ಒಂದು ಕಡೆ ಪೈರು ಗಿಜಿಗುಟ್ಟುತ್ತದೆ, ಇನ್ನೊಂದು ಕಡೆ ನಾಲ್ಕು ಮಾರು ಖಾಲಿ. ಮತ್ತೊಂದು ಕಡೆ ಹುಟ್ಟಿದ್ದೆಲ್ಲ ಹಳದಿ.

ಹಳದಿ ಕಂಡ ಕೂಡಲೇ ಯೂರಿಯಾ ಮೂಟೆ ಬಿಚ್ಚುವ ಅಭ್ಯಾಸ ಎಲ್ಲ ಕಡೆಯೂ ಇದೆ. ಮೇಯ್ದ ಹೊಲದಲ್ಲಿ ಇದರಿಂದ ದುಡ್ಡು ಹೋಗುವುದೇ ಹೆಚ್ಚು. ಇಲ್ಲಿ ಒಂದೇ ಹಳದಿ ಬಣ್ಣಕ್ಕೆ ಐದಾರು ಕಾರಣಗಳಿರುತ್ತವೆ. ಅವುಗಳಲ್ಲಿ ಯೂರಿಯಾ ಕೇಳುವುದು ಒಂದೋ ಎರಡೋ. ಯಾವುದೆಂದು ತಿಳಿಯಬೇಕಾದರೆ ಗಿಡವನ್ನು ಬೇರು ಸಮೇತ ಅಗೆದು ನೋಡಲೇಬೇಕು. ಎಲೆ ನೋಡಿ ಹೇಳುವುದು ಅರ್ಧ ಉತ್ತರ, ಉಳಿದರ್ಧ ಮಣ್ಣಿನೊಳಗಿದೆ.

ಮೊದಲು ಬದುವಿನ ಮೇಲೆ ನಿಂತು ನೋಡಿ

ಹೊಲದೊಳಗೆ ಇಳಿಯುವ ಮುನ್ನ ಎತ್ತರದ ಬದುವಿನ ಮೇಲೆ ನಿಂತು, ಕೆಟ್ಟಿರುವ ಜಾಗ ಯಾವ ಆಕಾರದಲ್ಲಿದೆ ನೋಡಿ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಿದ್ದಾಗ ಚೆನ್ನಾಗಿ ಕಾಣುತ್ತದೆ.

ದನ ಒಳಬರುವ ದಾರಿಯಿಂದ ನೀರಿನ ತೊಟ್ಟಿಗೋ ಮರದ ನೆರಳಿಗೋ ಪಟ್ಟಿಯಂತೆ ಸಾಗಿದ್ದರೆ ಗೊರಸಿನ ತುಳಿತ. ಹೊಂಗೆ ಮರದಡಿ, ಹುಣಸೆ ಮರದಡಿ, ಮಂದೆ ನಿಂತ ಜಾಗದಲ್ಲಿ ದುಂಡಗೆ ಕೆಟ್ಟಿದ್ದರೆ ತುಳಿತದ ಜೊತೆಗೆ ಗಂಜಲ, ಹಿಕ್ಕೆಯೂ ಸೇರಿದೆ. ಬಿತ್ತನೆಯ ಸಾಲಿಗೆ ಸರಿಯಾಗಿ, ಪ್ರತಿ ಐದನೆಯದೋ ಆರನೆಯದೋ ಸಾಲು ಖಾಲಿ ಬಂದಿದ್ದರೆ ಬಿತ್ತುವ ಕೂರಿಗೆಯ ಒಂದು ತಾಳಿನ (ನೆಲ ಸೀಳಿ ಬೀಜ ಬಿಡುವ ಕಾಲು) ದೋಷ, ದನಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಡು, ಗುಡ್ಡದ ಅಂಚಿಗೆ ಮಾತ್ರ ಖಾಲಿಯಿದ್ದರೆ ನವಿಲು ಅಥವಾ ಹಂದಿ. ತಗ್ಗಿನಲ್ಲಿ ಮಾತ್ರ ಹಳದಿಯಿದ್ದರೆ ನೀರು ನಿಂತಿದೆ. ಹೊಲವೆಲ್ಲ ಒಂದೇ ಸಮ ಹಳದಿಯಿದ್ದರೆ ಪೋಷಕಾಂಶವನ್ನೋ ಮಣ್ಣಿನ ಹುಳಿಯನ್ನೋ ಅನುಮಾನಿಸಬೇಕು.

ಈ ಹೊಲದಲ್ಲಿ ದನ ಕೊನೆಯ ಬಾರಿ ಮೇಯ್ದದ್ದು ಯಾವಾಗ, ಆಗ ನೆಲ ಒಣಗಿತ್ತೇ ಹಸಿಯಿತ್ತೇ ಎಂಬುದನ್ನೂ ನೆನಪು ಮಾಡಿಕೊಳ್ಳಿ. ಬಿರುಬೇಸಿಗೆಯಲ್ಲಿ ಒಣಗಿದ ಕೆಂಪು ನೆಲದ ಮೇಲೆ ದನ ತಿಂಗಳುಗಟ್ಟಲೆ ಓಡಾಡಿದರೂ ಆಗುವ ಹಾನಿ ಕಡಿಮೆ. ಏಪ್ರಿಲ್ ಕೊನೆಯಲ್ಲಿ ಒಂದು ಹದ ಮಳೆ ಬಿದ್ದ ಮರುದಿನ ಚಿಗುರಿದ ಗರಿಕೆಗೆಂದು ದನ ಬಿಟ್ಟರೆ, ಆ ಎರಡು ದಿನ ಉಳಿದ ನಾಲ್ಕು ತಿಂಗಳಿಗಿಂತ ಹೆಚ್ಚು ಕೆಡಿಸುತ್ತದೆ. ಒದ್ದೆ ಮಣ್ಣಿನ ಕಣಗಳು ಒಂದರ ಮೇಲೊಂದು ಜಾರಿ, ನಡುವಿನ ಗಾಳಿ ಜಾಗ ಮುಚ್ಚಿಹೋಗುತ್ತದೆ. ಒಣಗಿದ ಮೇಲೆ ಅದೇ ಇಟ್ಟಿಗೆ.

ಬೇಕಾಗುವ ಸಾಮಾನು

ಗುದ್ದಲಿ, ಚಿಕ್ಕ ಚಾಕು, ಅಳತೆ ಟೇಪು, ಬೆರಳು ದಪ್ಪಕ್ಕಿಂತ ತೆಳುವಾದ ಎರಡಡಿ ಕಬ್ಬಿಣದ ಸರಳು, ಎರಡೂ ತುದಿ ಕತ್ತರಿಸಿದ 15 ಸೆಂ.ಮೀ. ಅಗಲದ ತಗಡಿನ ಡಬ್ಬ, ಒಂದು ಬಕೆಟ್ ನೀರು. ಇಷ್ಟು ಸಾಕು.

ಮೊಳಕೆಯೇ ಕಾಣುತ್ತಿಲ್ಲ

ಜೂನ್‌ನಲ್ಲಿ ಹದವಾದ ತೇವವಿದ್ದರೆ ಆರರಿಂದ ಎಂಟು ದಿನಕ್ಕೆ ಜೋಳದ ಮೊಳಕೆ ಮೇಲೆ ಬರುತ್ತದೆ. ಹತ್ತು ದಿನ ದಾಟಿದರೂ ಬಾರದ ಕಡೆ ಸಾಲನ್ನು ಎರಡು ಮೀಟರ್ ಉದ್ದಕ್ಕೆ ಪಕ್ಕದಿಂದ ಮೆಲ್ಲಗೆ ಅಗೆಯಿರಿ. ಸಾಲಿನ ನೆತ್ತಿಯ ಮೇಲೆ ಗುದ್ದಲಿ ಹಾಕಿದರೆ ಬೀಜ ಇದ್ದ ಆಳ ತಿಳಿಯುವುದಿಲ್ಲ. 30 ಸೆಂ.ಮೀ.ಗೊಂದು ಬೀಜ ಬಿತ್ತಿದ್ದರೆ ಎರಡು ಮೀಟರಿಗೆ ಆರೇಳು ಬೀಜ ಸಿಗಬೇಕು.

ಬೀಜವೇ ಇಲ್ಲ, ನೆಲವೂ ಕದಲಿಲ್ಲ ಅಂದರೆ ಬೀಜ ಬಿದ್ದೇ ಇಲ್ಲ. ಮೇಯ್ದ ಹೊಲದಲ್ಲಿ ಇದು ಮಾಮೂಲು. ಟ್ರ್ಯಾಕ್ಟರ್ ಕೂರಿಗೆಯಲ್ಲಿ ಬೀಜದ ತಟ್ಟೆಯನ್ನು ತಿರುಗಿಸುವುದು ನೆಲಕ್ಕೆ ತಾಗಿ ಉರುಳುವ ಚಕ್ರ. ಒದ್ದೆಯಲ್ಲಿ ತುಳಿದು ಒಣಗಿದ ಗೊರಸಿನ ಗುಂಡಿಗಳ ಮೇಲೆ ಆ ಚಕ್ರ ಎಗರುತ್ತದೆ, ಎಗರಿದಷ್ಟು ಹೊತ್ತು ಬೀಜ ನಿಲ್ಲುತ್ತದೆ. ಒಣಗಿದ ಸಗಣಿ ಹೆಪ್ಪೆ, ಸಪ್ಪೆದಂಟು ತಾಳಿಗೆ ಸಿಕ್ಕಿಕೊಂಡು ಎಳೆದುಕೊಂಡು ಹೋದರೂ ಹಾಗೇ. ಮುಂದಿನ ಸಲ ಬಿತ್ತುವ ಮುನ್ನ ಕುಂಟೆ ಹೊಡೆದು, ಕೊರಡು ಎಳೆದು ಗುಂಡಿ ಮುಚ್ಚಿ, ಹೆಪ್ಪೆ ಒಡೆಯಬೇಕು. ಟ್ರ್ಯಾಕ್ಟರ್ ಗಂಟೆಗೆ 4–5 ಕಿ.ಮೀ. ಮೀರಬಾರದು. ಮೊದಲ ಎರಡು ಸಾಲು ಹಾಕಿದ ಕೂಡಲೇ ಇಳಿದು ಕೆದಕಿ ಬೀಜ ಎಣಿಸಿ. ಡ್ರೈವರ್ ಅವಸರ ಮಾಡಿದರೂ ಈ ಐದು ನಿಮಿಷ ಬಿಡಬೇಡಿ.

ಬೀಜ ಇಲ್ಲ, ಬೀಜವಿದ್ದ ಜಾಗದಲ್ಲೇ ಚೊಕ್ಕ ಗುಂಡಿ, ಪಕ್ಕದಲ್ಲಿ ಸಿಪ್ಪೆ: ಇಲಿ. ಮೊಳಕೆ ಕಿತ್ತು ಬಿಸಾಡಿ ಬೀಜ ಮಾತ್ರ ತಿಂದಿದ್ದರೆ ನವಿಲು, ಕಾಗೆ, ಗೌಜಲಹಕ್ಕಿ. ಅಡಿಗಟ್ಟಲೆ ಮಣ್ಣು ಮೂತಿಯಿಂದ ಉತ್ತ ಹಾಗಿದ್ದರೆ ಹಂದಿ.

ಬೀಜ ಇದೆ, ಒಣಗಿಯೇ ಇದೆ. ಅಂದರೆ ಹೆಂಟೆಗಳ ನಡುವೆ ಬಿದ್ದಿದೆ, ಸುತ್ತ ತೇವದ ಮಣ್ಣು ತಾಗಿಲ್ಲ. ಗಟ್ಟಿ ನೆಲವನ್ನು ಹದ ಬರುವ ಮುಂಚೆಯೇ ಕಲ್ಟಿವೇಟರ್‌ನಿಂದ ಎಬ್ಬಿಸಿದರೆ ಮುಷ್ಟಿಗಾತ್ರದ ಹೆಂಟೆ ಏಳುತ್ತವೆ. ಬೀಜ ಇನ್ನೂ ಗಟ್ಟಿಯಾಗಿದ್ದು ಊದಿಲ್ಲವೆಂದರೆ ಕೆಟ್ಟಿಲ್ಲ. ಕೊರಡೆಳೆದು ಮಣ್ಣು ಒತ್ತಿ ಮಳೆಗೆ ಕಾಯಬಹುದು. ಊದಿ, ಹಿಚುಕಿದರೆ ಹಾಲಿನಂಥ ಗಬ್ಬು ನೀರು ಬಂದರೆ ಕೊಳೆತಿದೆ. ಅಲ್ಲಿ ನೀರು ನಿಂತಿತ್ತೆಂದು ಅರ್ಥ.

ಬೀಜ ಮೊಳೆತಿದೆ, ಮೊಳಕೆ ಸುರುಳಿ ಸುತ್ತಿಕೊಂಡು ಮಣ್ಣಿನೊಳಗೇ ಎಲೆ ಬಿಚ್ಚಿದೆ. ಈ ದೋಷವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಂಥ ಒಂದು ಮೊಳಕೆಯನ್ನು ಮಣ್ಣಿನ ಗಟ್ಟಿಯ ಸಮೇತ ಎತ್ತಿ ಅಂಗೈ ಮೇಲಿಡಿ. ಬೀಜದಿಂದ ಹೊರಟ ಬಿಳಿ ದಂಟು ಒಂದಿಂಚು ನೆಟ್ಟಗೆ ಬಂದು, ಅಲ್ಲಿಂದ ತಿರುಪುಮೊಳೆಯಂತೆ ತಿರುಚಿರುತ್ತದೆ. ತುದಿಯ ಚೂಪು ಕವಚ ಸೀಳಿ, ಬಿಸಿಲು ಕಾಣದ ಹಳದಿ ಎಲೆ ಮಡಿಚಿಕೊಂಡು ಹೊರಗೆ ಬಂದಿರುತ್ತದೆ. ಅದರ ನೆತ್ತಿಯ ಮೇಲೆ ಅರ್ಧ ಇಂಚು ದಪ್ಪದ ಮಣ್ಣಿನ ಹಪ್ಪಳ ಇರುತ್ತದೆ. ಚಾಕುವಿನ ತುದಿಯಿಂದ ಎಬ್ಬಿದರೆ ಹೆಂಚಿನ ಚೂರಿನಂತೆ ಏಳುತ್ತದೆ. ರೋಟವೇಟರ್ ಎರಡು ಮೂರು ಸಲ ಓಡಿಸಿ ಹಿಟ್ಟು ಮಾಡಿದ ಕೆಂಪು ಮರಳುಮಿಶ್ರಿತ ಮಣ್ಣಿಗೆ ಬಿತ್ತಿದ ಮರುದಿನ ಜೋರು ಮಳೆ, ಆಮೇಲೆ ಮೂರು ದಿನ ಬಿಸಿಲು ಬಿದ್ದರೆ ಇದು ಆಗಿಯೇ ಆಗುತ್ತದೆ. ಮೇವಿನಲ್ಲಿ ಕೂಳೆ, ಸೋಗೆ ಪೂರ್ತಿ ಖಾಲಿಯಾಗಿ ನೆಲ ಬೋಳಾಗಿದ್ದರೆ ಮಳೆಹನಿ ನೇರವಾಗಿ ಮಣ್ಣಿಗೆ ಹೊಡೆಯುತ್ತದೆ, ಹಪ್ಪಳ ಇನ್ನೂ ದಪ್ಪ.

ಹಪ್ಪಳ ಕಟ್ಟಿದ್ದು ಬಿತ್ತಿದ ನಾಲ್ಕೈದು ದಿನದಲ್ಲೇ ಗೊತ್ತಾದರೆ ಬೆಳೆ ಉಳಿಸಿಕೊಳ್ಳಬಹುದು. ಮುಳ್ಳಿನ ಕಂತೆಗೆ ಸ್ವಲ್ಪ ಭಾರ ಹೇರಿ ಸಾಲಿಗೆ ಅಡ್ಡಲಾಗಿ ಎಳೆಯಿರಿ, ಇಲ್ಲವೇ ಹಲುವೆಯನ್ನು (ಹಲ್ಲಿರುವ ಕುಂಟೆ) ಹಗುರಾಗಿ ಆಡಿಸಿ. ಅರ್ಧ ಇಂಚಿಗಿಂತ ಆಳಕ್ಕೆ ಹೋಗಬಾರದು. ಸ್ಪ್ರಿಂಕ್ಲರ್ ಇದ್ದವರು ಅರ್ಧ ಗಂಟೆ ಹಾಯಿಸಿ ಹಪ್ಪಳ ನೆನೆಸಿದರೆ ಸಾಕು. ಎಲೆ ಒಳಗೇ ಬಿಚ್ಚಿದ ಮೇಲೆ ಆ ಮೊಳಕೆ ಬರುವುದಿಲ್ಲ.

ಬಿತ್ತಿದ ಆಳ ಅಳೆಯುವುದು

ಹುಟ್ಟಿದ ಗಿಡದಲ್ಲೂ ಬಿತ್ತಿದ ಆಳ ಬರೆದಿಟ್ಟಿರುತ್ತದೆ. ಗಿಡ ಅಗೆದು, ಬೀಜದಿಂದ ದಂಟು ಹಸಿರಾಗುವ ಜಾಗದವರೆಗೆ ಅಳೆಯಿರಿ. 4–5 ಸೆಂ.ಮೀ., ಅಂದರೆ ತೋರುಬೆರಳಿನ ಎರಡು ಗೆಣ್ಣು, ಸರಿಯಾದ ಆಳ. ತುಳಿದು ಗಟ್ಟಿಯಾದ ಪಟ್ಟಿಯಲ್ಲಿ ಕೂರಿಗೆಯ ತಾಳು ಮೇಲಕ್ಕೆ ತೇಲಿ 2 ಸೆಂ.ಮೀ.ಗೇ ಬೀಜ ಬಿಟ್ಟಿರುತ್ತದೆ. ಅದೇ ಹೊಲದ ಸಡಿಲ ಜಾಗದಲ್ಲಿ 7 ಸೆಂ.ಮೀ.ಗೆ ಮುಳುಗಿಸಿರುತ್ತದೆ. ಹತ್ತು ಕಡೆ ಅಳೆದರೆ ಈ ಹೆಚ್ಚುಕಡಿಮೆ ಎದ್ದು ಕಾಣುತ್ತದೆ. ಒಂದೇ ಹೊಲದಲ್ಲಿ ಮೂರೆಲೆಯ ಪೈರೂ ಆರೆಲೆಯ ಪೈರೂ ಒಟ್ಟಿಗಿರುವುದಕ್ಕೆ ಇದೇ ಕಾರಣ. ಹಿಂದೆ ಬಿದ್ದ ಗಿಡ ಮುಂದಿನದರ ನೆರಳಿನಲ್ಲಿ ತೆನೆ ಕಟ್ಟದೆ ಬರೀ ದಂಟಾಗುತ್ತದೆ.

ಗಟ್ಟಿ ಪದರ ಎಷ್ಟು ಆಳದಲ್ಲಿದೆ

ಇಲ್ಲಿ ತಪ್ಪು ತೀರ್ಮಾನಕ್ಕೆ ಬಂದರೆ ಸಾವಿರಗಟ್ಟಲೆ ಬಾಡಿಗೆ ದಂಡ, ಅದಕ್ಕೆ ನಿಧಾನವಾಗಿ ನೋಡಿ.

ಒಳ್ಳೆಯ ಮಳೆ ಬಿದ್ದು ಎರಡು ದಿನವಾದ ಮೇಲೆ ಸರಳನ್ನು ನೇರವಾಗಿ, ಒಂದೇ ಸಮನೆ ಕೈಯಿಂದ ಒತ್ತಿ. ಕುಟ್ಟಬೇಡಿ. ತಡೆದ ಜಾಗದಲ್ಲಿ ಬೆರಳು ಹಿಡಿದು ಹೊರತೆಗೆದು ಅಳೆಯಿರಿ. ಕೆಟ್ಟ ಜಾಗದಲ್ಲಿ ಹತ್ತು ಸಲ, ಚೆನ್ನಾಗಿರುವ ಜಾಗದಲ್ಲಿ ಹತ್ತು ಸಲ, ದನ ಕಾಲಿಡದ ಬೇಲಿಯ ಬುಡದಲ್ಲಿ ಹತ್ತು ಸಲ. ಬೇಲಿ ಬುಡದ ಅಳತೆಯೇ ನಿಮ್ಮ ಹೊಲಕ್ಕೆ ತಕ್ಕಡಿ. ಬೇರೆಯವರ ಹೊಲದ ಲೆಕ್ಕ ಇಲ್ಲಿ ಉಪಯೋಗವಿಲ್ಲ. ಒಣ ನೆಲದಲ್ಲಿ ಈ ಪರೀಕ್ಷೆ ಮಾಡಬೇಡಿ, ಒಣಗಿದಾಗ ಎಲ್ಲ ನೆಲವೂ ಗಟ್ಟಿಯೇ.

ಜೊತೆಗೆ ಒಂದೂವರೆ ಅಡಿ ಗುಂಡಿ ತೋಡಿ ಅದರ ಗೋಡೆಯನ್ನು ಚಾಕುವಿನಿಂದ ಕೆರೆಯಿರಿ. ಮೇಲಿನ ಎರಡರಿಂದ ನಾಲ್ಕು ಇಂಚಿನಲ್ಲಿ ಮಣ್ಣು ಪದರ ಪದರವಾಗಿ ಅಡ್ಡಲಾಗಿ ಬಿರಿದರೆ ಅದು ಗೊರಸಿನ ಕೆಲಸ. ದನದ ತುಳಿತ ಅದಕ್ಕಿಂತ ಆಳಕ್ಕೆ ಹೋಗುವುದು ಅಪರೂಪ. ಮೇಲೆ ಸಡಿಲವಿದ್ದು ಆರರಿಂದ ಎಂಟು ಇಂಚಿನಲ್ಲಿ ನಯವಾದ ಗಟ್ಟಿ ಪದರ ಸಿಕ್ಕರೆ ಅದು ದನದ್ದಲ್ಲ. ವರ್ಷಗಟ್ಟಲೆ ಒಂದೇ ಆಳಕ್ಕೆ ಕಲ್ಟಿವೇಟರ್, ರೋಟವೇಟರ್ ಓಡಿಸಿ ಆದದ್ದು. ದನದ ಮೇಲೆ ತಪ್ಪು ಹೊರಿಸಿ ಮೇಯಿಸುವುದನ್ನೇ ನಿಲ್ಲಿಸುವವರಿದ್ದಾರೆ. ಅವರ ಹೊಲದ ಎಂಟಿಂಚಿನ ಪದರ ಹಾಗೇ ಇರುತ್ತದೆ, ಗೊಬ್ಬರ ಮಾತ್ರ ತಪ್ಪಿಹೋಗುತ್ತದೆ.

ಬೇರು ಇದನ್ನೇ ಹೇಳುತ್ತದೆ. ಗಟ್ಟಿ ಪದರಕ್ಕೆ ತಾಗಿದ ಬೇರು ದಪ್ಪವಾಗಿ, ಮೊಂಡಾಗಿ, ಪಕ್ಕಕ್ಕೆ ತಿರುಗಿ ಮಂಚದ ಕಾಲಿನ ಹಾಗೆ ಮೂಲೆ ಮಾಡಿಕೊಂಡಿರುತ್ತದೆ. ಬೇರೆಲ್ಲ ಬಿತ್ತನೆಯ ಸಾಲಿನ ಉದ್ದಕ್ಕೇ ಚಪ್ಪಟೆಯಾಗಿ ಹರಡಿ, ಅಡ್ಡಕ್ಕೆ ಒಂದೂ ಹೋಗಿಲ್ಲವಾದರೆ ನೆಲ ಒದ್ದೆಯಿದ್ದಾಗ ಕೂರಿಗೆ ಓಡಿಸಿದ್ದೀರಿ. ತಾಳು ಸಾಲಿನ ಎರಡೂ ಪಕ್ಕವನ್ನು ಗಾರೆ ಮೆತ್ತಿದಂತೆ ನುಣುಪು ಮಾಡಿದೆ.

ಡಬ್ಬದ ಪರೀಕ್ಷೆಯೂ ಸುಲಭ. ಡಬ್ಬವನ್ನು ಎರಡಿಂಚು ನೆಲಕ್ಕೆ ಒತ್ತಿ 440 ಮಿ.ಲೀ. ನೀರು ಹುಯ್ಯಿರಿ. 15 ಸೆಂ.ಮೀ. ಅಗಲದ ಡಬ್ಬಕ್ಕೆ ಅದು ಒಂದಿಂಚು ಮಳೆಗೆ ಸಮ. ಅದು ಇಂಗಿದ ಮೇಲೆ ಇನ್ನೊಮ್ಮೆ ಅಷ್ಟೇ ಹುಯ್ದು, ಎರಡನೆಯ ಸಲದ ಹೊತ್ತು ಲೆಕ್ಕ ಹಾಕಿ. ಬೇಲಿ ಬುಡಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಹೊತ್ತು ಹಿಡಿದರೆ ಮೇಲ್ಪದರ ತುಳಿತಕ್ಕೆ ಸಿಕ್ಕಿದೆ.

ಗೊರಸಿನ ಪದರಕ್ಕೆ ಐದಾರು ಇಂಚಿನ ಉಳುಮೆ ಸಾಕು. ಮೊದಲ ಹದ ಮಳೆಗೆ ಕಲ್ಟಿವೇಟರ್ ಒಂದು ಸಲ ಉದ್ದಕ್ಕೆ, ಕಳೆ ಹುಟ್ಟಿದ ಮೇಲೆ ಒಂದು ಸಲ ಅಡ್ಡಕ್ಕೆ, ಕೊನೆಗೆ ಕುಂಟೆ. ಎಂಟಿಂಚಿನ ಪದರಕ್ಕೆ ಮಾತ್ರ ಆಳಕ್ಕೆ ಸೀಳುವ ಉಳಿ ನೇಗಿಲು ಬೇಕು. ಅದನ್ನೂ ಒಣ ನೆಲದಲ್ಲಿ, ಪದರಕ್ಕಿಂತ ಎರಡಿಂಚು ಕೆಳಗೆ ಓಡಿಸಬೇಕು. ಒದ್ದೆಯಲ್ಲಿ ಓಡಿಸಿದರೆ ಪದರ ಬಿರಿಯದೆ ಬೆಣ್ಣೆಯಂತೆ ಸೀಳಿ ಮತ್ತೆ ಕೂಡಿಕೊಳ್ಳುತ್ತದೆ. ಹಿರಿಯರ ಮಾಗಿ ಉಳುಮೆ ಈಗಲೂ ಒಳ್ಳೆಯ ಉಪಾಯ. ರಾಗಿ ಕೊಯ್ದ ಮೇಲೆ ಮೂರು ನಾಲ್ಕು ವಾರ ಮೇಯಿಸಿ, ನೆಲದಲ್ಲಿ ತೇವ ಆರುವ ಮುನ್ನ ಉತ್ತುಬಿಟ್ಟರೆ ಬೇಸಿಗೆಯ ಬಿಸಿಲಿಗೆ ಹೆಂಟೆಗಳು ತಾವಾಗಿ ಒಡೆಯುತ್ತವೆ.

ಪೈರು ನಿಂತಿರುವ ಹೊಲದಲ್ಲಿ ಉಳಿದ ದಾರಿ ಸಾಲಿನ ನಡುವೆ ಎಳೆಯುವ ಎಡೆಕುಂಟೆಯೊಂದೇ. ಬಿತ್ತಿದ 20ನೇ ದಿನ ಒಂದು ಸಲ, 30–35ನೇ ದಿನ ಇನ್ನೊಂದು ಸಲ ಹೊಡೆದು ಬುಡಕ್ಕೆ ಮಣ್ಣು ಏರಿಸಿ.

ಮಳೆಗಾಲದಲ್ಲಿ ದನ ಬಿಡಬಹುದೇ ಎಂದು ತಿಳಿಯಲು: ನಾಲ್ಕಿಂಚು ಆಳದ ಮಣ್ಣು ತೆಗೆದು ಅಂಗೈಯಲ್ಲಿ ಬತ್ತಿ ಹೊಸೆಯಿರಿ. ಪೆನ್ಸಿಲಿಗಿಂತ ಸಣ್ಣಗೆ ಹೊಸೆದರೂ ತುಂಡಾಗದಿದ್ದರೆ ದನಕ್ಕೂ ಬೇಡ, ಟ್ರ್ಯಾಕ್ಟರಿಗೂ ಬೇಡ. ಕಡೂರು, ಅರಸೀಕೆರೆ ಕಡೆಯ ಕಪ್ಪು ಮಣ್ಣಿನಲ್ಲಿ ಈ ಹದ ಬರಲು ಕೆಂಪು ನೆಲಕ್ಕಿಂತ ಹೆಚ್ಚು ದಿನ ಕಾಯಬೇಕು.

ಹುಟ್ಟಿದೆ, ಆದರೆ ಹಳದಿ

ಯಾವ ಎಲೆ, ಎಲೆಯ ಯಾವ ಭಾಗ ಎಂಬುದನ್ನು ಬೇರೆ ಮಾಡಿ ನೋಡಿ.

ಕೆಳಗಿನ ಹಳೆ ಎಲೆಯ ತುದಿಯಿಂದ ಶುರುವಾಗಿ ನಡುನರದ ಗುಂಟ ಬುಡದ ಕಡೆಗೆ ಹಳದಿ ಇಳಿದಿದ್ದರೆ ಸಾರಜನಕದ ಕೊರತೆ. ಮೇಯ್ದ ಹೊಲದಲ್ಲಿ ಇದು ಎರಡು ಬಗೆಯಲ್ಲಿ ಬರುತ್ತದೆ. ದನ ತಿನ್ನದೆ ಬಿಟ್ಟ ಜೋಳದ ದಂಟು, ರಾಗಿ ಕೂಳೆಯನ್ನು ಬಿತ್ತನೆಗೆ ವಾರವಿದ್ದಾಗ ಉತ್ತು ಮುಚ್ಚಿದ್ದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಮೊದಲು ತಾವು ಹಿಡಿದುಕೊಳ್ಳುತ್ತವೆ, ಪೈರಿಗೆ ಸಿಗುವುದು ಆಮೇಲೆ. ಅಗೆದರೆ ಕೊಳೆಯದ ದಂಟು ಬೇರಿನ ಪಕ್ಕದಲ್ಲೇ ಸಿಗುತ್ತದೆ. ಇದಕ್ಕೆ ಯೂರಿಯಾ ಬೇಕು, ಕೊಡಿ. ಇನ್ನೊಂದು, ತಗ್ಗಿನಲ್ಲಿ ನೀರು ನಿಂತು ಬೇರು ಉಸಿರು ಕಟ್ಟಿದ್ದು. ಅಗೆದ ಬೇರು ಬೆಳ್ಳಗಿರದೆ ಕಂದಾಗಿ, ಮಣ್ಣು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಇಲ್ಲಿ ಮೊದಲು ಬಸಿಗಾಲುವೆ ಹೊಡೆದು ನೀರು ತೆಗೆಯಿರಿ. ಬೇರು ಹೊಸದಾಗಿ ಬಿಳಿ ಒಡೆದ ಮೇಲೆ ಯೂರಿಯಾ. ನಿಂತ ನೀರಿಗೆ ಹಾಕಿದ ಯೂರಿಯಾ ಗಾಳಿಗೂ ಕಾಲುವೆಗೂ ಹೋಗುತ್ತದೆ.

ಮಳೆಯಾಶ್ರಿತ ಜೋಳಕ್ಕೆ ಹೆಕ್ಟೇರಿಗೆ 100:50:25 ಕೆ.ಜಿ. ಸಾರಜನಕ, ರಂಜಕ, ಪೊಟ್ಯಾಷ್ ಶಿಫಾರಸು. ಎಕರೆಗೆ ಬಿಡಿಸಿದರೆ ಬಿತ್ತುವಾಗ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) 44 ಕೆ.ಜಿ., ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ ಸುಮಾರು 17 ಕೆ.ಜಿ., ಆಮೇಲೆ ಯೂರಿಯಾ 70 ಕೆ.ಜಿ. ಆ ಯೂರಿಯಾವನ್ನು ಎರಡು ಪಾಲು ಮಾಡಿ 25–30 ದಿನಕ್ಕೊಂದು, 45–50 ದಿನಕ್ಕೊಂದು, ನೆಲ ಹಸಿಯಿದ್ದಾಗ ಬುಡದಿಂದ ನಾಲ್ಕು ಬೆರಳು ದೂರಕ್ಕೆ ಹಾಕಿ ಮಣ್ಣು ಮುಚ್ಚಬೇಕು. ಮಂದೆ ನಿಂತ ಜಾಗದ ಪೈರು ಕಡುಹಸಿರಾಗಿದ್ದರೆ ಅಲ್ಲಿ ಮೊದಲ ಪಾಲು ಬಿಡಿ. ಹಾಕಿದರೆ ದಂಟು ಎತ್ತರ ಹೋಗಿ ಗಾಳಿಗೆ ಮುರಿಯುತ್ತದೆ.

ಎಲೆಯ ಅಂಚು ಸುಟ್ಟಂತಾಗಿ ನಡುಭಾಗ ಹಸಿರಿದ್ದರೆ ಪೊಟ್ಯಾಷ್ ಕೊರತೆ. ಸಪ್ಪೆಯನ್ನೆಲ್ಲ ಕೊಯ್ದು ಕೊಟ್ಟಿಗೆಗೆ ಸಾಗಿಸಿ, ಗೊಬ್ಬರ ಮಾತ್ರ ಅಡಿಕೆ ತೋಟಕ್ಕೋ ತೆಂಗಿಗೋ ಹೋದ ಹೊಲಗಳಲ್ಲಿ ಇದು ಕಾಣುತ್ತದೆ. ಹೊಲದಲ್ಲೇ ಮೇಯ್ದರೆ ಪೊಟ್ಯಾಷ್ ಹೆಚ್ಚಿನಂಶ ಗಂಜಲದಲ್ಲಿ ಅಲ್ಲೇ ಉಳಿಯುತ್ತದೆ, ಆದರೆ ದನ ಮಲಗುವ ಮರದಡಿಯೇ ಗುಡ್ಡೆಯಾಗುತ್ತದೆ. ಮಂದೆಯನ್ನು ಎರಡು ರಾತ್ರಿಗೊಮ್ಮೆ ಜಾಗ ಬದಲಾಯಿಸಿ ನಿಲ್ಲಿಸುವುದು ಇದಕ್ಕೇ.

ಹೊಸ ಎಲೆಯ ಬುಡದ ಅರ್ಧದಲ್ಲಿ ನಡುನರದ ಎರಡೂ ಪಕ್ಕ ಅಗಲವಾದ ಬಿಳಿ ಪಟ್ಟೆ ಬಂದರೆ ಸತುವಿನ ಕೊರತೆ. ಲೀಟರ್ ನೀರಿಗೆ ಸತುವಿನ ಸಲ್ಫೇಟ್ 5 ಗ್ರಾಂ, ಸುಣ್ಣ 2.5 ಗ್ರಾಂ ಬೆರೆಸಿ, ಸುಣ್ಣದ ತಿಳಿ ಸೋಸಿ, ಹತ್ತು ದಿನದ ಅಂತರದಲ್ಲಿ ಎರಡು ಸಲ ಸಿಂಪಡಿಸಿ. ಮುಂದಿನ ವರ್ಷ ಬಿತ್ತನೆಗೆ ಮುಂಚೆ ಎಕರೆಗೆ 4 ಕೆ.ಜಿ. ಸತುವಿನ ಸಲ್ಫೇಟ್ ಮಣ್ಣಿಗೇ ಸೇರಿಸಿ, ಡಿಎಪಿ ಜೊತೆ ಬೆರೆಸದೆ ಬೇರೆಯಾಗಿ.

ಪಟ್ಟೆ ಪಟ್ಟೆ ಹಳದಿ ಬಂದು, ನಸುಕಿನಲ್ಲಿ ಎಲೆಯ ಕೆಳಬದಿಗೆ ಬಿಳಿ ಬೂಷ್ಟು ಕಂಡರೆ ಅದು ಪೋಷಕಾಂಶವಲ್ಲ, ಕೇದಿಗೆ ರೋಗ. ಗಿಡ ಕಿತ್ತು ಸುಡಿ.

ನೇರಳೆ ಬಣ್ಣ ರಂಜಕದ ಗುರುತು. ಆದರೆ ಮೂರು ನಾಲ್ಕು ಎಲೆಯ ಹಂತದಲ್ಲಿ ಮಣ್ಣಿನಲ್ಲಿ ರಂಜಕವಿದ್ದರೂ ಗಟ್ಟಿ ನೆಲದಲ್ಲಿ ಬೇರು ಅದನ್ನು ಮುಟ್ಟಲಾರದೆ ನೇರಳೆಯಾಗುತ್ತದೆ. ಎಡೆ ಹೊಡೆದು ಬೇರು ಇಳಿದ ಮೇಲೆ ತಾನೇ ಹಸಿರಾಗುತ್ತದೆ. ಮೇಲೆ ಡಿಎಪಿ ಎರಚಬೇಡಿ. ರಂಜಕ ಬಿದ್ದಲ್ಲೇ ಕೂರುತ್ತದೆ, ಬೇರಿನ ತನಕ ಇಳಿಯುವುದಿಲ್ಲ. ಬೇಲೂರು, ಆಲೂರು, ಮೂಡಿಗೆರೆ ಕಡೆಯ ಮಳೆ ಹೆಚ್ಚಿರುವ ಹೊಲಗಳಲ್ಲಿ ನೇರಳೆ ಹೋಗದಿದ್ದರೆ ಮಣ್ಣಿನ ಹುಳಿ ಪರೀಕ್ಷೆ ಮಾಡಿಸಿ. ರಸಸಾರ (ಪಿಎಚ್) 5.5ಕ್ಕಿಂತ ಕಡಿಮೆಯಿದ್ದರೆ ರಂಜಕವನ್ನು ಮಣ್ಣೇ ಕಟ್ಟಿಹಾಕಿಕೊಳ್ಳುತ್ತದೆ. ಪರೀಕ್ಷೆಯ ವರದಿ ಹೇಳಿದಷ್ಟು ಸುಣ್ಣವನ್ನು ಬಿತ್ತನೆಗೆ ಮೂರು ನಾಲ್ಕು ವಾರ ಮುಂಚೆ ಸೇರಿಸಬೇಕು. ಹಾಸನದವರಿಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯದು ಇದೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಬಹುದು.

ಮೊರದಗಲದ ಜಾಗದಲ್ಲಿ ಮಾತ್ರ ಮೊಳಕೆ ಸುಟ್ಟು, ಸುತ್ತಲಿನ ಗಿಡಗಳು ಕಡುಹಸಿರಾಗಿದ್ದರೆ ಗಂಜಲ. ಬಿತ್ತನೆಗೆ ಹತ್ತಿರದಲ್ಲಿ ಮಂದೆ ನಿಲ್ಲಿಸಿದರೆ ಅಮೋನಿಯಾ ಮತ್ತು ಉಪ್ಪಿನ ಕಾವಿಗೆ ಬೀಜ ಸಾಯುತ್ತದೆ. ಮಂದೆ ಎದ್ದ ದಿನ ಅಥವಾ ಮರುದಿನವೇ ಹಿಕ್ಕೆ, ಗಂಜಲ ಮಣ್ಣಿಗೆ ಸೇರುವಂತೆ ಉತ್ತು, ಒಂದು ಮಳೆ ಬಿದ್ದು, 15–20 ದಿನ ಕಳೆದ ಮೇಲೆ ಬಿತ್ತಿ. ಉಳದೆ ಬಿಟ್ಟರೆ ಮೂಗಿಗೆ ಘಾಟು ಹೊಡೆಯುತ್ತದಲ್ಲ, ಹಣ ಕೊಟ್ಟು ನಿಲ್ಲಿಸಿದ ಮಂದೆಯ ಗೊಬ್ಬರ ಗಾಳಿಗೆ ಹೋಗುತ್ತಿರುವ ವಾಸನೆ ಅದು. ನೇಗಿಲ ಹಿಂದೆ ಕೈಯಲ್ಲಿ ಬೀಜ ಬಿಡುವ ಕಡೆ ಗೊಬ್ಬರವನ್ನೂ ಅದೇ ಸಾಲಿಗೆ ಸುರಿದರೂ ಹೀಗೇ ಸುಡುತ್ತದೆ, ಆದರೆ ಆಗ ಸಾಲುದ್ದಕ್ಕೂ ಸುಟ್ಟಿರುತ್ತದೆ.

ಗಾಳಿಗೆ ಒರಗುವ ಪೈರು

ಮೂರರಿಂದ ಐದೆಲೆಯ ಪೈರು ನೋಡಲು ಹಸಿರಾಗಿದ್ದು ಗಾಳಿಗೆ ಮಲಗಿದರೆ ಹುಳುವೆಂದು ಔಷಧಿ ಹೊಡೆಯಬೇಡಿ. ಎತ್ತಿ ನೋಡಿ. ಬುಡದಲ್ಲಿ ಎರಡನೆಯ ಸುತ್ತಿನ ಬೇರು ಮೊಂಡಾಗಿ ಒಣಗಿ, ಬೀಜದ ಬೇರೊಂದೇ ಗಿಡವನ್ನು ಹಿಡಿದಿರುತ್ತದೆ. ಬೀಜ ಮೇಲೆ ಬಿದ್ದು, ಸುತ್ತ ಒಣ ಹೆಂಟೆಯಿದ್ದರೆ ಹೀಗಾಗುತ್ತದೆ. ಎಡೆ ಹೊಡೆದು ಬುಡಕ್ಕೆ ಹಸಿ ಮಣ್ಣು ಒತ್ತಿ. ಒಂದು ಮಳೆ ಬಿದ್ದರೆ ವಾರದಲ್ಲಿ ಹೊಸ ಬೇರು ಇಳಿಯುತ್ತದೆ.

ಹುಳು

ಗಿಡ ನೆಲಮಟ್ಟಕ್ಕೆ ಕತ್ತರಿಸಿ ಬಿದ್ದಿದ್ದು, ಪಕ್ಕದ ಮಣ್ಣು ಕೆದಕಿದರೆ ಬೂದು ಹುಳು ಸುರುಳಿಯಾಗಿ ಸಿಕ್ಕರೆ ಕತ್ತರಿ ಹುಳು. ದಂಟಿನೊಳಗೆ ಮಣ್ಣು ತುಂಬಿದ್ದರೆ ಗೆದ್ದಲು. ಒಣಗಿದ ಸಗಣಿ ಹೆಪ್ಪೆಯ ಅಡಿಯೇ ಅದರ ಮನೆ. ತಿಂಗಳ ಪೈರು ಗುಂಪು ಗುಂಪಾಗಿ ಬಾಡಿ, ಎಳೆದರೆ ಬೇರಿಲ್ಲದೆ ಕೈಗೆ ಬಂದರೆ ಗೊಣ್ಣೆಹುಳು. ಅರೆಕೊಳೆತ ಗೊಬ್ಬರ ಅದಕ್ಕೆ ಹಬ್ಬದೂಟ. ಮೊದಲ ಮಳೆಗೆ ಸಂಜೆ ಬೇವು, ಜಾಲಿ ಮರಕ್ಕೆ ಬಂದು ಕೂರುವ ದುಂಬಿಗಳನ್ನು ಕೊಂಬೆ ಅಲುಗಿಸಿ ಉದುರಿಸಿ ಕೊಲ್ಲುವುದು, ತಿಪ್ಪೆಯ ಪೂರ್ತಿ ಕಳಿತ ಗೊಬ್ಬರವನ್ನೇ ಹಾಕುವುದು, ಆ ಗೊಬ್ಬರಕ್ಕೆ ಹುಳು ಕೊಲ್ಲುವ ಶಿಲೀಂಧ್ರ ಮೆಟರೈಜಿಯಂ ಬೆರೆಸುವುದು ಉಪಯೋಗಕ್ಕೆ ಬರುತ್ತವೆ. ಬೇರು ತಿಂದಾದ ಮೇಲೆ ಸುರಿದ ಔಷಧಿಯಿಂದ ಆಗುವುದು ಅಷ್ಟಕ್ಕಷ್ಟೆ.

ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ, ಎಲೆಯಲ್ಲಿ ಹರಕು ತೂತು ಕಂಡರೆ ಫಾಲ್ ಸೈನಿಕ ಹುಳು. 2018ರಿಂದ ನಮ್ಮ ರಾಜ್ಯದಲ್ಲಿದೆ. ಬಿದ್ದ ತೆನೆಯ ಕಾಳು ಮಳೆಗೆ ತಾನಾಗಿ ಹುಟ್ಟಿದ ಗುಂಪು ಪೈರಿನಲ್ಲಿ ಮೊದಲು ಸೇರಿಕೊಳ್ಳುತ್ತದೆ. ದನ, ಕುರಿ ಬಿದ್ದ ತೆನೆ ಆಯ್ದು ತಿಂದರೆ ಆ ಪೈರು ಕಡಿಮೆ. ಮೇಯಿಸುವುದರ ಈ ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಳು ಚಿಕ್ಕದಿರುವಾಗ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂ, ಸುಳಿಗೆ ಇಳಿಯುವಂತೆ ಹೊಡೆಯಿರಿ. ಹೊಡೆದ ಹೊಲದಲ್ಲಿ ಕಿತ್ತ ಪೈರನ್ನು ದನಕ್ಕೆ ಹಾಕಬೇಡಿ.

ಮತ್ತೆ ಬಿತ್ತಬೇಕೇ

ಸಾಲಿನ ಅಂತರ 60 ಸೆಂ.ಮೀ. ಇದ್ದರೆ 22 ಅಡಿ ಉದ್ದದ ಸಾಲಿನಲ್ಲಿರುವ ಗಿಡಗಳನ್ನು ಎಣಿಸಿ ಸಾವಿರದಿಂದ ಗುಣಿಸಿ. ಎಕರೆಯ ಗಿಡದ ಲೆಕ್ಕ ಬರುತ್ತದೆ. ಹತ್ತು ಕಡೆ ಎಣಿಸಿ ಸರಾಸರಿ ತೆಗೆಯಿರಿ. 60×30 ಸೆಂ.ಮೀ. ಅಂತರಕ್ಕೆ 22 ಬರಬೇಕು. 16–17 ಇದ್ದು ಸಮನಾಗಿ ಹರಡಿದ್ದರೆ ಮುಟ್ಟಬೇಡಿ. 12ಕ್ಕಿಂತ ಕಡಿಮೆಯಿದ್ದು ಜೂನ್ ಇನ್ನೂ ಮುಗಿಯದಿದ್ದರೆ, ಕಾರಣ ಸರಿಪಡಿಸಿಕೊಂಡು ಆ ಭಾಗವನ್ನು ಉತ್ತು ಮತ್ತೆ ಬಿತ್ತುವುದೇ ಲೇಸು.

ಖಾಲಿ ಜಾಗಕ್ಕೆ ಜೋಳವನ್ನೇ ತೇಪೆ ಹಾಕುವುದಾದರೆ ಮೊದಲ ಬಿತ್ತನೆಯ ಎಂಟು ಹತ್ತು ದಿನದೊಳಗೆ. ತಡವಾದರೆ ಅಲಸಂದೆ, ಅವರೆ ಒಳ್ಳೆಯದು, ಮೇವಿಗೂ ಆಗುತ್ತದೆ. ಆದರೆ ಗರಿಕೆ, ಕಾಂಗ್ರೆಸ್ ಗಿಡದ ಕಾಟಕ್ಕೆ ಬಿತ್ತಿದ ಕೂಡಲೇ ಕಳೆನಾಶಕ ಅಟ್ರಜಿನ್ ಹೊಡೆದಿದ್ದರೆ ದ್ವಿದಳ ಅಲ್ಲಿ ಏಳುವುದಿಲ್ಲ. ಗರಿಕೆಯ ಗೆಣ್ಣಿಗೂ ಕೊನ್ನಾರಿ ಗಡ್ಡೆಗೂ ಅಟ್ರಜಿನ್ ನಾಟುವುದೂ ಇಲ್ಲ, ಅವನ್ನು ಬೇಸಿಗೆ ಉಳುಮೆಯಲ್ಲೇ ಕಿತ್ತು ಒಣಗಿಸಬೇಕು. ಅಟ್ರಜಿನ್ ಬಿದ್ದ ನೆಲದ ಖಾಲಿ ಜಾಗಕ್ಕೆ ಮೇವಿನ ಬಿಳಿಜೋಳ ಹಾಕಬಹುದು, ಅದು ತಾಳಿಕೊಳ್ಳುತ್ತದೆ. ಹೂ ಬರುವ ಮುಂಚೆ, ಅದರಲ್ಲೂ ಬಾಡಿದ ಎಳೆ ಬಿಳಿಜೋಳವನ್ನು ದನಕ್ಕೆ ಮೇಯಲು ಬಿಡಬೇಡಿ. ಅದರಲ್ಲಿ ವಿಷವಿರುತ್ತದೆ.

ಕೆಟ್ಟ ಬೆಳೆಯನ್ನು ದನಕ್ಕೆ ಹಾಕುವ ಮುನ್ನ

ಮಳೆ ಕೈಕೊಟ್ಟು ಮೊಣಕಾಲುದ್ದಕ್ಕೆ ನಿಂತ ಜೋಳವನ್ನು ಮೇಯಿಸಿಬಿಡೋಣ ಎನ್ನಿಸುವುದು ಸಹಜ. ಮಂದೆ ನಿಂತ, ಯೂರಿಯಾ ಬಿದ್ದ ಹೊಲದ ಬಾಡಿದ ಜೋಳದಲ್ಲಿ ದನಕ್ಕೆ ವಿಷವಾಗುವ ನೈಟ್ರೇಟ್ ಕೂಡಿಕೊಂಡಿರುತ್ತದೆ, ಬುಡದ ದಂಟಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಬರದ ನಡುವೆ ಒಂದು ಮಳೆ ಬಿದ್ದರೆ ಆಗ ಇನ್ನೂ ಏರುತ್ತದೆ, ಕನಿಷ್ಠ ಒಂದು ವಾರ ಕಾಯಿರಿ. ಬುಡದ ಒಂದಡಿ ಹೊಲದಲ್ಲೇ ಬಿಟ್ಟು ಮೇಲಿನದನ್ನು ಕೊಯ್ದು, ಒಣ ಹುಲ್ಲು ತಿಂದಿರುವ ದನಕ್ಕೆ ಸ್ವಲ್ಪ ಸ್ವಲ್ಪವೇ ಕೊಡಿ. ಒಣಗಿಸಿದರೆ ನೈಟ್ರೇಟ್ ಇಳಿಯುವುದಿಲ್ಲ. ಸೈಲೇಜ್ ಮಾಡಿ, ಅಂದರೆ ಗಾಳಿಯಾಡದಂತೆ ಮುಚ್ಚಿ ಹುದುಗಿಸಿ, ಮೂರು ವಾರ ಬಿಟ್ಟರೆ ಸಾಕಷ್ಟು ಇಳಿಯುತ್ತದೆ. ತಿಂದ ಕೆಲವು ಗಂಟೆಯಲ್ಲಿ ದನ ಏದುಸಿರು ಬಿಟ್ಟು, ತೂರಾಡಿ, ಒಸಡು ಕಂದು-ನೀಲಿಯಾದರೆ ಆ ಮೇವನ್ನು ಮುಂದಿನಿಂದ ತೆಗೆದು, ಓಡಾಡಿಸದೆ ನೆರಳಲ್ಲಿ ಕಟ್ಟಿ, ತಕ್ಷಣ ಪಶುವೈದ್ಯರನ್ನು ಕರೆಸಿ. ಮೇವು ಏನು, ಹೊಲಕ್ಕೆ ಯೂರಿಯಾ ಯಾವಾಗ ಬಿತ್ತು ಎಂಬುದನ್ನು ಫೋನಿನಲ್ಲೇ ಹೇಳಿದರೆ ಬರುವಾಗಲೇ ಮೆಥಿಲೀನ್ ಬ್ಲೂ ಚುಚ್ಚುಮದ್ದು ತರುತ್ತಾರೆ.